ಸೇತುವೆಯಾಚೆಯ ಆಕ್ಸ್‌ಫರ್ಡ್

ಆಕ್ಸ್‌ಫರ್ಡ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಗೋಪುರಗಳು, ಕಪ್ಪು ಗೌನು ತೊಟ್ಟು ಸೈಕಲ್ ತುಳಿಯುವ ವಿದ್ಯಾರ್ಥಿಗಳು, ಹಳೆಯ ಗ್ರಂಥಾಲಯಗಳು. ಪಿ.ಯು.ಸಿ.ಯಲ್ಲಿ ಮಕ್ಕಳಿಗೆ ತೊಂಬತ್ತರ ಮೇಲೆ ಅಂಕ ಬಂದರೆ ನೆಂಟರಿಷ್ಟರು 'ಇನ್ನೇನು, ಆಕ್ಸ್‌ಫರ್ಡಿಗೇ ಕಳಿಸಿಬಿಡಿ' ಎಂದು ತಮಾಷೆ ಮಾಡುವುದುಂಟು. ಆ ಆಕ್ಸ್‌ಫರ್ಡ್ ಸುಳ್ಳಲ್ಲ. ಆದರೆ ಅಲ್ಲಿಯ ಹೈಸ್ಟ್ರೀಟನ್ನು ಹಿಡಿದು ಪೂರ್ವಕ್ಕೆ ನಡೆದು, ಚರ್‌ವೆಲ್ ಎಂಬ ಸಣ್ಣ ಹೊಳೆಯ ಸೇತುವೆ ದಾಟಿದರೆ ಬೇರೆಯೇ ಊರೊಂದು ಶುರುವಾಗುತ್ತದೆ. ಆ ದಾರಿ ಮುಟ್ಟುವುದು ಕೌಲಿಗೆ. ಅಲ್ಲಿ ಪದವಿ ಕೊಡುವುದಿಲ್ಲ, ಕಾರು ಮಾಡುತ್ತಾರೆ.

ಸೇತುವೆಗೆ ಮ್ಯಾಗ್ಡಲೆನ್ ಎಂದು ಬರೆದು ಮಾಡ್ಲಿನ್ ಎಂದು ಓದುತ್ತಾರೆ. ಪಕ್ಕದಲ್ಲಿರುವುದು ಅದೇ ಹೆಸರಿನ ಕಾಲೇಜು. ನಮ್ಮ ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನ ಪಡೆದು 1960ರಿಂದ 1963ರವರೆಗೆ ಓದಿದ್ದು ಇಲ್ಲಿಯೇ. ಕಾಲೇಜಿನ ಎತ್ತರದ ಗೋಡೆಯ ಮಗ್ಗುಲಲ್ಲಿ ಲಾಂಗ್‌ವಾಲ್ ಎಂಬ ಓಣಿಯಿದೆ. ಆ ಓಣಿಯಲ್ಲೊಂದು ಇಟ್ಟಿಗೆಯ ಕಟ್ಟಡ. ಪ್ರವಾಸಿಗಳು ಕ್ಯಾಮರಾ ಹಿಡಿದು ಕಾಲೇಜಿನ ಕಡೆಗೇ ತಿರುಗಿರುತ್ತಾರೆ. ಕಟ್ಟಡದ ಕಡೆ ಯಾರೂ ನೋಡುವುದಿಲ್ಲ. ವಿಲಿಯಂ ಮಾರಿಸ್ ಎಂಬಾತ ಕಾರು ರಿಪೇರಿ ಮಾಡುತ್ತಿದ್ದ ಗ್ಯಾರೇಜು ಅದು. ತನ್ನ ಮೊದಲ ಕಾರಿನ ರೂಪುರೇಷೆ ಹಾಕಿದ್ದೂ ಅಲ್ಲಿಯೇ.

ಮಾರಿಸ್ ಹದಿನೈದರ ಆಸುಪಾಸಿನಲ್ಲೇ ಶಾಲೆ ಬಿಟ್ಟವನು. 1893ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ನಾಲ್ಕು ಪೌಂಡು ಬಂಡವಾಳ ಹಾಕಿ ಅಪ್ಪನ ಮನೆಯಲ್ಲೇ ಸೈಕಲ್ ರಿಪೇರಿಗೆ ಕೂತ. ಸೇತುವೆಯಾಚೆ ಕೌಲಿ ರಸ್ತೆಗೂ ಇಫ್ಲಿ ರಸ್ತೆಗೂ ನಡುವೆ ಇರುವ ಜೇಮ್ಸ್ ಸ್ಟ್ರೀಟಿನ ಆ ಮನೆಗೆ ಈಗ ನೀಲಿ ಫಲಕ ಹಾಕಿದ್ದಾರೆ. ಸೈಕಲ್ಲಿನಿಂದ ಮೋಟಾರ್ ಸೈಕಲ್, ಅಲ್ಲಿಂದ ಕಾರು. 1913ರಲ್ಲಿ 'ಮಾರಿಸ್ ಆಕ್ಸ್‌ಫರ್ಡ್' ಎಂಬ ಕಾರು ರಸ್ತೆಗಿಳಿಯಿತು. ಕಾರ್ಖಾನೆಗೆ ಅವನು ಆರಿಸಿಕೊಂಡ ಜಾಗ ಸ್ವಾರಸ್ಯದ್ದು: ಕೌಲಿಯಲ್ಲಿ ಅವನ ಅಪ್ಪ ಓದಿದ್ದ ಹಳೆಯ ಶಾಲೆಯ ಕಟ್ಟಡ. ಇವನೇ ಮುಂದೆ ಲಾರ್ಡ್ ನಫೀಲ್ಡ್ ಆದ. ಗಳಿಸಿದ್ದರಲ್ಲಿ ಸುಮಾರು ಮೂರು ಕೋಟಿ ಪೌಂಡುಗಳನ್ನು ದಾನ ಮಾಡಿದ. ತಾನು ಎಂದೂ ಓದದ ವಿಶ್ವವಿದ್ಯಾಲಯಕ್ಕೆ ಒಂದು ಕಾಲೇಜನ್ನೇ ಕಟ್ಟಿಸಿಕೊಟ್ಟ.

ಮಾರಿಸ್ ಆಕ್ಸ್‌ಫರ್ಡ್ ಎಂಬ ಹೆಸರು ನಮ್ಮವರಿಗೆ ಅಪರಿಚಿತವಿರಬಹುದು, ಗಾಡಿ ಮಾತ್ರ ಅಲ್ಲ. ಅದರ ಮೂರನೇ ಸರಣಿಯ ಅಚ್ಚುಗಳೇ ಬಂಗಾಳದ ಉತ್ತರಪಾಡಾಕ್ಕೆ ಬಂದು ಅಂಬಾಸಿಡರ್ ಆದವು. ಮಂತ್ರಿಗಳು, ಡಿ.ಸಿ.ಗಳು, ಮದುವೆ ದಿಬ್ಬಣಗಳು ಹತ್ತಿದ್ದ ಆ ಗಾಡಿ 2014ರವರೆಗೂ ತಯಾರಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ಆರು ಜನ ಒತ್ತಿಕೊಂಡು ಕೂತು ಧರ್ಮಸ್ಥಳಕ್ಕೆ ಹೋಗಿಬಂದವರಿಗೆಲ್ಲ ಗೊತ್ತಿಲ್ಲದೆಯೇ ಕೌಲಿಯ ನಂಟಿತ್ತು.

ಕೌಲಿಯ ಎರಡನೆಯ ಪ್ರಸಿದ್ಧ ಮಗು ಮಿನಿ. ಅಲೆಕ್ ಇಸಿಗೋನಿಸ್ ರೂಪಿಸಿದ ಈ ಪುಟ್ಟ ಕಾರು 1959ರಲ್ಲಿ ಬಂತು. ಎಂಜಿನ್ನನ್ನು ಅಡ್ಡಡ್ಡ ಕೂರಿಸಿ ಜಾಗ ಉಳಿಸಿದ್ದು ಅದರ ಜಾಣತನ. ರೇಸಿನ ಕಾರು ಕಟ್ಟುತ್ತಿದ್ದ ಜಾನ್ ಕೂಪರ್ ಅದಕ್ಕೆ ಬಿರುಸಿನ ಎಂಜಿನ್ ಹಾಕಿಸಿದ. ಆ ಮಿನಿ ಕೂಪರ್ ಎಸ್ ಗಾಡಿಗಳು 1964, 65 ಮತ್ತು 67ರಲ್ಲಿ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದವು. ಮಾರಿಸನ ಹಳೆಯ ಶೆಡ್ಡುಗಳನ್ನು 1990ರ ದಶಕದ ಆರಂಭದಲ್ಲಿ ಕೆಡವಿದರು. ಅಲ್ಲೀಗ ಗಾಜಿನ ಆಫೀಸುಗಳು. ರಸ್ತೆಯಾಚೆ, ಹಿಂದೆ ಕಾರಿನ ತಗಡಿನ ಮೈ ಮಾಡುತ್ತಿದ್ದ ಕಾರ್ಖಾನೆಯ ಜಾಗದಲ್ಲಿ, ಬಿ.ಎಂ.ಡಬ್ಲ್ಯು. ಒಡೆತನದಲ್ಲಿ ಹೊಸ ಮಿನಿ 2001ರ ಏಪ್ರಿಲ್‌ನಿಂದ ತಯಾರಾಗುತ್ತಿದೆ.

ಇಷ್ಟೆಲ್ಲ ನನಗೆ ತಿಳಿದದ್ದು ಅಕ್ಕನ ಮಗಳ ದೆಸೆಯಿಂದ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಬಿ.ಇ. ಮುಗಿಸಿದವಳು. ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಮಾಡಿ ಈಗ ಆಕ್ಸ್‌ಫರ್ಡಿನ ಹೊರವಲಯದಲ್ಲಿ ಉಪಕರಣಗಳ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಕೌಲಿಯಲ್ಲಿ ಬಾಡಿಗೆ ಕೋಣೆ. ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಬಸ್ಸಿಲ್ಲವೆಂದು 2008ರ ಮಿನಿ ಕೂಪರ್ ಎಸ್ ಗಾಡಿಯನ್ನು ಮೂರನೆಯ ಕೈಯಿಂದ ಅಗ್ಗಕ್ಕೆ ಕೊಂಡಿದ್ದಳು. 'ಸಾದಾ ಗಾಡಿ ತಗೊಳ್ಳೋದಲ್ವಾ' ಎಂದು ಭಾವ ಗೊಣಗಿದ್ದರು. ಭಾವನ ಮಾತಿನಲ್ಲೂ ಅರ್ಥವಿತ್ತು. ನೋಡಲು ಆಟಿಕೆಯಂತಿದ್ದರೂ ಅದರ 1.6 ಲೀಟರ್ ಟರ್ಬೊ ಎಂಜಿನ್ನಿನ ಶಕ್ತಿ 175 ಅಶ್ವಶಕ್ತಿ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಏಳು ಸೆಕೆಂಡು. ನಮ್ಮ ಹಳೆಯ ಅಂಬಾಸಿಡರಿನದು ಸುಮಾರು ಐವತ್ತು ಅಶ್ವಶಕ್ತಿ, ಸೆಕೆಂಡಿನ ಲೆಕ್ಕ ಬೇಡ.

ನಾನು ಮೂರು ವಾರ ಇರಲು ಹೋದ ಮಾರ್ಚಿ ತಿಂಗಳ ಚಳಿಯಲ್ಲಿ ಆ ಗಾಡಿ ಕೆಟ್ಟು ನಿಂತಿತ್ತು. ಕೆಟ್ಟದ್ದು ಟೈಮಿಂಗ್ ಚೈನು.

ಈ ಚೈನಿನ ವಿಷಯವನ್ನು ತುಸು ಬಿಡಿಸಿ ಹೇಳಬೇಕು. ಎಂಜಿನ್ನಿನ ಕೆಳಗೆ ಪಿಸ್ಟನ್ನುಗಳು ಮೇಲೆ ಕೆಳಗೆ ಆಡಿ ಕ್ರ್ಯಾಂಕ್ ಶಾಫ್ಟನ್ನು ತಿರುಗಿಸುತ್ತವೆ. ಮೇಲ್ಗಡೆ ಕ್ಯಾಮ್ ಶಾಫ್ಟುಗಳು ತಿರುಗಿ, ಗಾಳಿ ಒಳಗೆ ಬರಲು ಮತ್ತು ಹೊಗೆ ಹೊರಗೆ ಹೋಗಲು ವಾಲ್ವುಗಳನ್ನು ತೆರೆದು ಮುಚ್ಚುತ್ತವೆ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದೇ ಸುತ್ತು ಬರಬೇಕು. ಒಂದು ಹಲ್ಲೂ ಹೆಚ್ಚುಕಮ್ಮಿ ಆಗಬಾರದು. ಈ ಲೆಕ್ಕ ಕಾಯುವುದು ಚೈನು. ಎಂಜಿನ್ ನಿಮಿಷಕ್ಕೆ 6000 ಸುತ್ತು ಹಾಕುವಾಗ ಪ್ರತಿ ವಾಲ್ವೂ ಸೆಕೆಂಡಿಗೆ ಐವತ್ತು ಸಲ ತೆರೆದು ಮುಚ್ಚುತ್ತದೆ. ಈ ಜಾತಿಯ ಎಂಜಿನ್ನಿನಲ್ಲಿ ವಾಲ್ವು ಇಳಿದುಬರುವ ಜಾಗಕ್ಕೇ ಪಿಸ್ಟನ್ನೂ ಏರಿಬರುತ್ತದೆ, ಬೇರೆ ಬೇರೆ ಕ್ಷಣದಲ್ಲಿ. ಒಂದೇ ಕೋಣೆಯನ್ನು ಪಾಳಿಯ ಮೇಲೆ ಹಂಚಿಕೊಂಡ ಇಬ್ಬರು ಬಾಡಿಗೆದಾರರ ಹಾಗೆ. ಚೈನು ಹಲ್ಲು ಜಾರಿದರೆ ಪಾಳಿ ತಪ್ಪುತ್ತದೆ, ಎರಡೂ ಡಿಕ್ಕಿ ಹೊಡೆಯುತ್ತವೆ, ವಾಲ್ವು ಬಾಗುತ್ತದೆ. ಆಗ ಎಂಜಿನ್ನಿನ ತಲೆಯನ್ನೇ ಎತ್ತಬೇಕು.

ಚೈನು ಉಕ್ಕಿನದು, ರಬ್ಬರ್ ಬೆಲ್ಟಿನಂತೆ ಕಾಲಕಾಲಕ್ಕೆ ಬದಲಿಸಬೇಕಿಲ್ಲ ಎಂಬುದೊಂದು ನಂಬಿಕೆ. ಅದು ಸಡಿಲಾಗದಂತೆ ಒತ್ತಿ ಹಿಡಿಯುವ ಟೆನ್ಷನರ್ ಎಂಬ ಸಣ್ಣ ಭಾಗವಿದೆ. ಅದಕ್ಕೆ ಬಲ ಬರುವುದು ಎಂಜಿನ್ ಆಯಿಲ್ಲಿನ ಒತ್ತಡದಿಂದ. ಆಯಿಲ್ ಕಡಿಮೆಯಾದರೆ, ಹಳತಾಗಿ ಕೆಟ್ಟರೆ, ಒತ್ತುವ ಬಲ ಸಾಲದೆ ಚೈನು ಬಡಿಯತೊಡಗುತ್ತದೆ. ಚೈನು ದಾರಿ ತಪ್ಪದಂತೆ ಇಟ್ಟಿರುವ ಪ್ಲಾಸ್ಟಿಕ್ ಪಟ್ಟಿಗಳು ಬಡಿತ ತಿಂದೂ ತಿಂದೂ ಒಡೆಯುತ್ತವೆ. ಇದು ಒಂದೇ ದಿನಕ್ಕೆ ಆಗುವುದಲ್ಲ, ಸೂಚನೆ ಕೊಟ್ಟೇ ಆಗುತ್ತದೆ. ಚಳಿಯ ಮುಂಜಾನೆ ಎಂಜಿನ್ ಚಾಲೂ ಮಾಡಿದ ಮೊದಲ ಕೆಲವು ಸೆಕೆಂಡು, ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದಂಥ ಸದ್ದು. ಸಾಯುವವರ ಗಂಟಲಿನ ಗೊರಗೊರಕ್ಕೆ ಇಂಗ್ಲಿಷಿನಲ್ಲಿ ಏನು ಹೆಸರಿದೆಯೋ ಅದನ್ನೇ ಅಲ್ಲಿಯ ಮೆಕ್ಯಾನಿಕ್ಕುಗಳು ಈ ಸದ್ದಿಗೆ ಇಟ್ಟಿದ್ದಾರೆ.

ನಮ್ಮ ಹುಡುಗಿಯ ಗಾಡಿಯ ಹಿಂದಿನ ಯಜಮಾನ ಆಯಿಲ್ ಕಡ್ಡಿ ಎಳೆದು ನೋಡಿದವನೇ ಅಲ್ಲವೆಂದು ಕಾಣುತ್ತದೆ. ಒಂದು ರಾತ್ರಿ ಕೆಲಸದಿಂದ ಬರುವಾಗ ಎಂಜಿನ್ ಗಡಗಡ ನಡುಗಿ ಶಕ್ತಿ ಕಳೆದುಕೊಂಡಿತು. ಅವಳು ಆ ಕ್ಷಣವೇ ಎಂಜಿನ್ ಆರಿಸಿ, ಮತ್ತೆ ಚಾಲೂ ಮಾಡಲು ಯತ್ನಿಸದೆ, ಎಳೆಯುವ ಗಾಡಿ ಕರೆಸಿದಳು. ಗ್ಯಾರೇಜಿನವರು ಹೇಳಿದ ರಿಪೇರಿ ಖರ್ಚು ಗಾಡಿಯ ಬೆಲೆಗಿಂತ ಹೆಚ್ಚಿತ್ತು. ಚೈನು, ಪಟ್ಟಿಗಳು, ಹೊಸ ಟೆನ್ಷನರ್ ಮತ್ತು ಬೇಕಾದ ವಿಶೇಷ ಉಪಕರಣಗಳ ಬೆಲೆ ಅದರ ಏಳನೇ ಒಂದು ಪಾಲು. ಉಳಿದದ್ದೆಲ್ಲ ಕೈಕೂಲಿ. 'ಮಾಮ, ಈ ಕೈ ನಂದೇ ಇದೆಯಲ್ಲ' ಎಂದಳು.

ಅಲ್ಲಿಯ ಬಡಾವಣೆಗಳ ಹಿಂದೆ ಸಾಲಾಗಿ ಒಂದೊಂದೇ ಕಾರು ಹಿಡಿಸುವ ಷಟರ್ ಬಾಗಿಲಿನ ಕೋಣೆಗಳಿರುತ್ತವೆ, ತಿಂಗಳ ಬಾಡಿಗೆಗೆ ಸಿಗುತ್ತವೆ. ಅವಕ್ಕೆ 'ಲಾಕಪ್' ಎನ್ನುತ್ತಾರೆ. ಶನಿವಾರ ರಾತ್ರಿ ಅಕ್ಕ ಫೋನು ಮಾಡಿದಾಗ ಇವಳು 'ಇಡೀ ದಿನ ಲಾಕಪ್ಪಿನಲ್ಲಿದ್ದೆ ಅಮ್ಮ' ಎಂದುಬಿಟ್ಟಳು. ಅತ್ತ ಕಡೆ ಅಕ್ಕನ ಉಸಿರು ನಿಂತಿತು. ನಾನು ಫೋನು ತಗೊಂಡು ಸಮಾಧಾನ ಹೇಳಲು ಹತ್ತು ನಿಮಿಷ ಬೇಕಾಯಿತು. ಮಗಳು ಪೊಲೀಸರ ಕೈಯಲ್ಲಿಲ್ಲ, ಕಾರಿನ ಅಡಿಯಲ್ಲಿದ್ದಾಳೆ ಎಂದು ಗೊತ್ತಾದ ಮೇಲೂ ಅಕ್ಕನಿಗೆ ನೆಮ್ಮದಿಯಾದಂತೆ ಕಾಣಲಿಲ್ಲ. 'ಇಷ್ಟು ಓದಿಸಿದ್ದು ಮೇಸ್ತ್ರಿ ಕೆಲಸ ಮಾಡಲಿಕ್ಕಾ?' ಎಂದಳು. ಪ್ರಶ್ನೆ ಅವಳೊಬ್ಬಳದೇ ಅಲ್ಲ. ನಮ್ಮಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಸ್ಪ್ಯಾನರ್ ಹಿಡಿಯದೆ ಪಾಸಾಗುವ ಮಕ್ಕಳೆಷ್ಟೋ. ಟೈಮಿಂಗ್ ಡಯಾಗ್ರಾಮನ್ನು ಕಣ್ಣು ಮುಚ್ಚಿ ಬರೆದು ಹತ್ತಕ್ಕೆ ಹತ್ತು ಅಂಕ ತೆಗೆದವಳು ಇವಳೂ. ವಾಲ್ವನ್ನು ಕೈಯಲ್ಲಿ ಹಿಡಿದಿರಲಿಲ್ಲ.

ಕೆಲಸ ಶುರುವಾದದ್ದು ಓದುವುದರಿಂದ. ಜಾನ್ ಹೇನ್ಸ್ ಎಂಬಾತ 1966ರಲ್ಲಿ ಒಂದು ಆಸ್ಟಿನ್ ಹೀಲಿ ಕಾರಿನ ರಿಪೇರಿ ಕೈಪಿಡಿ ಹೊರತಂದ. ಗಾಡಿಯನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿ, ಹೆಜ್ಜೆಹೆಜ್ಜೆಗೂ ಚಿತ್ರ ತೆಗೆದು ಬರೆಯುವ ಪದ್ಧತಿ ಅವನದು. ಬ್ರಿಟನ್ನಿನ ಎಷ್ಟೋ ಮನೆಗಳಲ್ಲಿ ಆಯಿಲ್ ಬೆರಳಚ್ಚು ಬಿದ್ದ ಹೇನ್ಸ್ ಪುಸ್ತಕ ಒಂದಾದರೂ ಇರುತ್ತದೆ. ಮಿನಿಯ ಕೈಪಿಡಿಯನ್ನು ಹುಡುಗಿ ಎರಡು ರಾತ್ರಿ ಪರೀಕ್ಷೆಗೆ ಓದಿದಂತೆ ಓದಿದಳು.

ನಮ್ಮ ಹಳೆಯ ಅಂಬಾಸಿಡರಿನಲ್ಲೂ ಟೈಮಿಂಗ್ ಚೈನು ಇತ್ತು, ಗೇಣುದ್ದದ್ದು. ದಾವಣಗೆರೆಯ ಪಿ.ಬಿ. ರಸ್ತೆಯ ಮೇಸ್ತ್ರಿ ಎರಡು ಹಲ್ಲುಚಕ್ರಗಳ ಮೇಲಿನ ಚುಕ್ಕಿಗಳನ್ನು ಎದುರುಬದುರು ತಂದು, ಬೀಡಿ ಮುಗಿಯುವುದರೊಳಗೆ ಚೈನು ಏರಿಸಿಬಿಡುತ್ತಿದ್ದ. ಈ ಮಿನಿಯಲ್ಲಿ ಹಾಗೆ ಚುಕ್ಕಿ ನಂಬಿ ಕೂರುವ ಹಾಗಿಲ್ಲ. ಕ್ರ್ಯಾಂಕಿನ ಹಲ್ಲುಚಕ್ರವನ್ನು ಶಾಫ್ಟಿಗೆ ಸೇರಿಸುವ ಉಕ್ಕಿನ ಬೆಣೆಯೂ ಇಲ್ಲ. ಒಂದು ದಪ್ಪ ಬೋಲ್ಟಿನ ಬಿಗಿಯಲ್ಲೇ ಅದು ನಿಂತಿರುತ್ತದೆ. ಆ ಬೋಲ್ಟು ಸಡಿಲಿಸಿದ ಕ್ಷಣ ಲೆಕ್ಕವೆಲ್ಲ ಕಳೆದುಹೋಗುತ್ತದೆ. ಆದ್ದರಿಂದ ಮೊದಲು ಕ್ರ್ಯಾಂಕನ್ನೂ ಕ್ಯಾಮ್ ಶಾಫ್ಟುಗಳನ್ನೂ ಅಲ್ಲಾಡದಂತೆ ಬೀಗ ಹಾಕಬೇಕು. ವಿಶೇಷ ಉಪಕರಣ ಬೇಕಾಗುವುದು ಅದಕ್ಕೆ.

ಮುಂದಿನ ಬಲಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು (ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು, ಇದನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದರೂ ಕಡಿಮೆ), ಬ್ಯಾಟರಿ ಕಳಚಿ, ಬೆಲ್ಟು, ಪುಲ್ಲಿ, ಪ್ಲಗ್ಗುಗಳು, ಮೇಲಿನ ಮುಚ್ಚಳ ಎಲ್ಲ ತೆಗೆದಳು. ತೆಗೆದ ಬೋಲ್ಟುಗಳನ್ನು ರಟ್ಟಿನ ಮೇಲೆ ಎಂಜಿನ್ನಿನ ಚಿತ್ರ ಬರೆದು ಆಯಾ ಜಾಗದಲ್ಲೇ ಚುಚ್ಚಿಟ್ಟಳು. ಕ್ರ್ಯಾಂಕನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ಫ್ಲೈವೀಲಿನ ತೂತಿಗೆ ಸರಳು ತೂರಿಸಿ ನಿಲ್ಲಿಸಿದಳು. ಆ ನಿಲುವಿನಲ್ಲಿ ನಾಲ್ಕೂ ಪಿಸ್ಟನ್ನುಗಳು ಮೇಲೂ ಅಲ್ಲದೆ ಕೆಳಗೂ ಅಲ್ಲದೆ ನಡುಮಟ್ಟದಲ್ಲಿ ಇರುತ್ತವೆ. ಆಗ ಕ್ಯಾಮನ್ನು ಹೇಗೆ ತಿರುಗಿಸಿದರೂ ವಾಲ್ವಿಗೆ ಏನೂ ತಾಗುವುದಿಲ್ಲ. ಇದನ್ನು ಯೋಚಿಸಿದ ಎಂಜಿನಿಯರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಕ್ಯಾಮ್ ಶಾಫ್ಟಿನ ಬೀಗವನ್ನು ಕೂರಿಸಲು ಹೋದರೆ ಕೂರಲಿಲ್ಲ. ಚೈನು ಒಂದು ಹಲ್ಲು ಜಾರಿತ್ತು.

ಅವಳು ಎದ್ದು ಹೊರಗೆ ಹೋಗಿ ನಿಂತಳು. ಒಂದು ಹಲ್ಲು ಎಂದರೆ ವಾಲ್ವು ಬಾಗಿರಬಹುದು, ಬಾಗದೆಯೂ ಇರಬಹುದು. ಪ್ಲಗ್ಗಿನ ತೂತಿನಲ್ಲಿ ಸಣ್ಣ ಕ್ಯಾಮರಾ ಬಿಟ್ಟು ಪಿಸ್ಟನ್ನಿನ ತಲೆ ನೋಡಿದೆವು. ಮಸಿ ಕಂಡಿತು, ಏಟಿನ ಗುರುತು ಕಾಣಲಿಲ್ಲ; ಆದರೆ ಅಷ್ಟರಿಂದಲೇ ನಿಶ್ಚಯವಾಗಿ ಹೇಳುವಂತಿಲ್ಲ. ಹೊಸ ಚೈನು ಹಾಕಿ, ಲೆಕ್ಕ ಸರಿಪಡಿಸಿ, ಸಿಲಿಂಡರುಗಳ ಒತ್ತಡ ಅಳೆದ ಮೇಲೆಯೇ ಗೊತ್ತಾಗುವುದು. ಅಂದರೆ ದುಡ್ಡು ಮೊದಲು ಸುರಿಯಬೇಕು, ಫಲಿತಾಂಶ ಆಮೇಲೆ. 'ಮಾಮ, ಏನು ಮಾಡಲಿ?' ಎಂದು ಕೇಳಿದಳು. ಗಾಡಿಯ ವಿಷಯದಲ್ಲಿ ನನ್ನ ತಿಳಿವಳಿಕೆ ಗಾಳಿ ಹಾಕಿಸುವಲ್ಲಿಗೆ ಮುಗಿಯುತ್ತದೆ. 'ಟೀ ಕುಡಿದು ಯೋಚನೆ ಮಾಡೋಣ' ಎಂದೆ.

ಪಕ್ಕದ ಲಾಕಪ್ಪಿನಲ್ಲಿ ಹಳೆಯ ಮೋಟಾರ್ ಸೈಕಲ್ ಇಟ್ಟುಕೊಂಡಿದ್ದ ಒಬ್ಬ ಮುದುಕ ಎರಡು ದಿನದಿಂದ ಇವಳ ಕೆಲಸ ನೋಡುತ್ತಿದ್ದ. ಕೌಲಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಅಲ್ಲಿ ಕೆಲಸ ಮಾಡುತ್ತಿದ್ದ ಕಾಲ ಕಂಡವನು. ಟೀ ಲೋಟ ಹಿಡಿದು ಬಂದು, ಒಳಗೆ ಬಗ್ಗಿ ನೋಡಿ, 'ಒಡೆದ ಪಟ್ಟಿಯ ಚೂರುಗಳೆಲ್ಲ ಲೆಕ್ಕಕ್ಕೆ ಸಿಕ್ಕವೇ?' ಎಂದ. ಸಿಕ್ಕಿರಲಿಲ್ಲ. 'ಹಾಗಾದರೆ ಆಯಿಲ್ ತೊಟ್ಟಿ ಇಳಿಸು. ಚೂರು ಅಲ್ಲಿರುತ್ತದೆ, ಪಂಪಿನ ಬಾಯಿಗೆ ಅಡರುತ್ತದೆ. ಹೊಸ ಚೈನಿಗೂ ಅದೇ ಗತಿ.' ಆಯಿಲ್ ತೊಟ್ಟಿ ಇಳಿಸಿದರೆ ಹಲ್ಲು ಮುರಿದ ಬಾಚಣಿಗೆಯಂಥ ಕಪ್ಪು ತುಂಡುಗಳು ಮೂರು ಸಿಕ್ಕವು. ಇವಳು ಅವನ್ನು ಹಳೆಯ ಪಟ್ಟಿಗೆ ಜೋಡಿಸಿ ನೋಡಿದಳು. ಮುರಿದ ಅಂಚುಗಳೆಲ್ಲ ಕೂಡಿದವು. ಅದಾದ ಮೇಲೆ ಅವಳ ಮುಖಕ್ಕೆ ಕಳೆ ಬಂತು. ಹೊಸ ಚೈನಿಗೆ ದುಡ್ಡು ಕಟ್ಟಿದಳು.

ಸಾಮಾನು ಬರುವುದಕ್ಕೆ ಎರಡು ದಿನ ಬೇಕಿತ್ತು. ಭಾನುವಾರ ಅವಳ ಗೆಳತಿಯ ಕಾರಿನಲ್ಲಿ ಹೆನ್ಲಿ ಊರಿನ ಹತ್ತಿರದ ನಫೀಲ್ಡ್ ಪ್ಲೇಸ್ ನೋಡಲು ಹೋದೆವು. ವಿಲಿಯಂ ಮಾರಿಸ್ 1933ರಿಂದ 1963ರಲ್ಲಿ ಸಾಯುವವರೆಗೆ ವಾಸವಾಗಿದ್ದ ಮನೆ. ಈಗ ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಅಷ್ಟು ದೊಡ್ಡ ಶ್ರೀಮಂತನ ಮನೆಯೆಂದು ನಂಬಲಾಗದಷ್ಟು ಸಾದಾ ಇದೆ. 1938ರಲ್ಲಿ, ಪೋಲಿಯೊ ಬಂದು ಉಸಿರಾಡಲಾಗದ ರೋಗಿಗಳಿಗೆಂದು ಕೌಲಿ ಕಾರ್ಖಾನೆಯಲ್ಲಿ ಕಬ್ಬಿಣದ ಶ್ವಾಸಕೋಶದ ಪೆಟ್ಟಿಗೆಗಳನ್ನು ಮಾಡಿಸಿ ಆಸ್ಪತ್ರೆಗಳಿಗೆ ಪುಕ್ಕಟೆ ಹಂಚಲು ಮುಂದಾದವನು ಈತ. ಅಂಥದೊಂದು ಪೆಟ್ಟಿಗೆ ಮನೆಯಲ್ಲಿದೆ. ನಮ್ಮ ಹುಡುಗಿ ಬಹಳ ಹೊತ್ತು ನಿಂತದ್ದು ಮಾತ್ರ ಮಲಗುವ ಕೋಣೆಯ ಒಂದು ಬೀರುವಿನ ಮುಂದೆ. ಬಾಗಿಲು ತೆರೆದರೆ ಕೋಟುಗಳ ಬದಲು ಸುತ್ತಿಗೆ, ಅರ, ಇಕ್ಕಳ, ಸ್ಕ್ರೂಡ್ರೈವರುಗಳ ಸಾಲು! ರಾತ್ರಿ ನಿದ್ದೆ ಬಾರದಿದ್ದಾಗ ಎದ್ದು ಏನಾದರೂ ರಿಪೇರಿ ಮಾಡುತ್ತಿದ್ದನಂತೆ. ಲಾರ್ಡ್ ಪದವಿ ಬಂದ ಮೇಲೂ.

ಮಂಗಳವಾರ ಚೈನು ಬಂತು. ಎಂಜಿನ್ನಿನ ಅಡಿಗೆ ಜಾಕಿ ಕೊಟ್ಟು ಬಲಗಡೆಯ ಆಧಾರ ಕಳಚಿ, ಹಳೆಯ ಚೈನನ್ನು ಪಟ್ಟಿಗಳ ಸಮೇತ ಮೇಲಿನಿಂದ ಎಳೆದದ್ದೂ ಹೊಸದನ್ನು ಇಳಿಸಿದ್ದೂ ಒಂದು ಸಂಜೆಯಲ್ಲಿ ಮುಗಿಯಿತು. ಹೊತ್ತು ಹಿಡಿದದ್ದು ಬಿಗಿ ಮಾಡುವುದಕ್ಕೆ. ಕ್ರ್ಯಾಂಕಿನ ಬೋಲ್ಟನ್ನು ಹಳೆಯದು ಬಳಸುವಂತಿಲ್ಲ. ಬಿಗಿ ಮಾಡಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ, ಆ ಹಿಗ್ಗಿನ ಎಳೆತದಿಂದಲೇ ಹಿಡಿದಿರುತ್ತದೆ. ಹೊಸದನ್ನು 50 ನ್ಯೂಟನ್ ಮೀಟರಿಗೆ ಬಿಗಿ ಮಾಡಿ, ಅಲ್ಲಿಂದ ಸರಿಯಾಗಿ ಅರ್ಧ ಸುತ್ತು ತಿರುಗಿಸಬೇಕು. ಆ ಅರ್ಧ ಸುತ್ತಿಗೆ ಅವಳು ಉದ್ದನೆಯ ಕೊಳವೆ ತೂರಿಸಿ ಜೋತುಬಿದ್ದಳು. ಆಮೇಲೆ ಬೀಗಗಳನ್ನೆಲ್ಲ ತೆಗೆದು ಕ್ರ್ಯಾಂಕನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿದಳು. ಎಲ್ಲಾದರೂ ತಡೆದರೆ ಅಲ್ಲಿಗೆ ನಿಲ್ಲಿಸಬೇಕು, ಬಲ ಹಾಕಬಾರದು. ತಡೆಯಲಿಲ್ಲ. ಬೀಗಗಳನ್ನು ಮತ್ತೆ ಹಾಕಿ ನೋಡಿದಳು. ಈ ಸಲ ಮೂರೂ ತಮ್ಮ ಜಾಗದಲ್ಲಿ ಕೂತವು.

ಇನ್ನು ಒತ್ತಡದ ಪರೀಕ್ಷೆ. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಪ್ಲಗ್ಗಿನ ಜಾಗಕ್ಕೆ ಮೀಟರ್ ಸಿಕ್ಕಿಸಿ, ಸ್ಟಾರ್ಟರ್ ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಮೀಟರ್ ಓದಿ ಕೂಗುತ್ತಿದ್ದಳು. ಒಂದನೆಯದು ಹನ್ನೆರಡು ಬಾರ್. ಎರಡನೆಯದೂ ಹನ್ನೆರಡು. ಮೂರನೆಯದಕ್ಕೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ನಾನು ಕಿಟಕಿಯಿಂದ ತಲೆ ಹೊರಹಾಕಿದೆ. 'ಹನ್ನೊಂದೂವರೆ' ಎಂದಳು. ನಾಲ್ಕನೆಯದು ಹನ್ನೆರಡು. ಒಂದು ವಾಲ್ವು ಬಾಗಿದ್ದರೂ ಆ ಸಿಲಿಂಡರಿನ ಮುಳ್ಳು ನೆಲ ಹಿಡಿಯುತ್ತಿತ್ತು. ಸಂದಿಯಿಂದ ಇಣುಕುತ್ತಿದ್ದ ಮುದುಕ ಲೋಟ ಎತ್ತಿ ಹಿಡಿದ.

ಮರುದಿನ ಹೊಸ ಆಯಿಲ್ ತುಂಬಿ, ಎಂಜಿನ್ ಚಾಲೂ ಮಾಡಿದಾಗ ಮೊದಲ ಎರಡು ಸೆಕೆಂಡು ಚೈನು ಕಟಕಟ ಎಂದು, ಆಯಿಲ್ ಏರುತ್ತಿದ್ದಂತೆ ಸದ್ದು ಅಡಗಿತು. ಮೇಲಿನ ಮುಚ್ಚಳದ ಒಂದು ಮೂಲೆಯಲ್ಲಿ ಆಯಿಲ್ ತೊಟ್ಟಿಕ್ಕುತ್ತಿತ್ತು. ಗ್ಯಾಸ್ಕೆಟ್ ತಿರುಚಿ ಕೂತಿತ್ತಂತೆ, ಮತ್ತೆ ಬಿಚ್ಚಿ ಹಾಕಿದಳು. ಈಗ ಪ್ರತಿ ಭಾನುವಾರ ಆಯಿಲ್ ಕಡ್ಡಿ ಎಳೆದು ನೋಡುವುದನ್ನು ರೂಢಿ ಮಾಡಿಕೊಂಡಿದ್ದಾಳೆ. ಒಡೆದ ಪಟ್ಟಿಯ ತುಂಡುಗಳು ಅವಳ ಓದುವ ಮೇಜಿನ ಮೇಲೆ ಪೇಪರ್ ವೇಟಿನ ಪಕ್ಕ ಇವೆ.

ಆ ರಾತ್ರಿ ದಾವಣಗೆರೆಗೆ ಫೋನು ಹೋಯಿತು. ಅಕ್ಕ ಮೊದಲು ಕೇಳಿದ್ದು ಕೈಗೆ ಗಾಯವಾಯಿತೇ ಎಂದು. ಬೆರಳ ಗೆಣ್ಣು ತರಚಿದ್ದನ್ನು ಹುಡುಗಿ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ಭಾವ ಫೋನು ತಗೊಂಡರು. ಚೈನು, ಕ್ಯಾಮು, ನಡುಮಟ್ಟದ ಪಿಸ್ಟನ್ನು, ಹನ್ನೆರಡು ಬಾರ್ ಎಲ್ಲವನ್ನೂ ಮಗಳು ಹೇಳುವಾಗ ನಡುವೆ ಮಾತಾಡದೆ ಕೇಳಿಸಿಕೊಂಡರು. ಎಲ್ಲ ಮುಗಿದ ಮೇಲೆ ಗಂಟಲು ಸರಿಮಾಡಿಕೊಂಡು ಕೇಳಿದರು: 'ಅಲ್ಲವ್ವ, ಲೀಟರಿಗೆ ಎಷ್ಟು ಕೊಡುತ್ತೆ ಅದು?'